ಕಂಕುಳ ಗಂಟು, ತಲೆಯ ಗಡ್ಡೆ: ಮಿದುಳಿಗೆ ಹರಡುವ ಕ್ಯಾನ್ಸರಿನಲ್ಲಿ ದುಗ್ಧನಾಳಗಳ ಪಾತ್ರ

ಮೊದಲು ಎದೆಯಲ್ಲಿ ಗಂಟಿತ್ತು, ಆಮೇಲೆ ಕಂಕುಳಿಗೆ ಬಂತು, ಅಲ್ಲಿಂದ ಕುತ್ತಿಗೆಗೆ ಏರಿತು, ಕೊನೆಗೆ ತಲೆಗೇ ಹೋಯಿತು. ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಸ್ತನ ಕ್ಯಾನ್ಸರಿನ ರೋಗಿಯೊಬ್ಬರ ಕೊನೆಯ ವರ್ಷಗಳನ್ನು ಹೀಗೆ ಹೇಳುವುದುಂಟು. ಕೈಗೆ ಸಿಕ್ಕಿದ್ದನ್ನು, ಸಿಕ್ಕಿದ ಕ್ರಮದಲ್ಲೇ ಜೋಡಿಸಿದ ವಿವರಣೆ ಇದು. ಕ್ರಮ ಬಹಳ ಸಲ ಸರಿಯೇ ಇರುತ್ತದೆ, ದಾರಿ ಮಾತ್ರ ತಪ್ಪು. ಕಂಕುಳಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮಿದುಳಿಗೆ ಹತ್ತಿಕೊಂಡು ಹೋಗುವ ದುಗ್ಧನಾಳ ದೇಹದಲ್ಲಿ ಇಲ್ಲ. ಮಿದುಳಿಗೆ ಕ್ಯಾನ್ಸರನ್ನು ಒಯ್ಯುವುದು ರಕ್ತ. ಹಾಗಾದರೆ ದುಗ್ಧರಸ ವ್ಯವಸ್ಥೆಗೆ ಈ ರೋಗದಲ್ಲಿ ಪಾತ್ರವೇ ಇಲ್ಲವೇ ಎಂದು ಕೇಳಿದರೆ, ಇದೆ, ಅದೂ ದೊಡ್ಡದು. ಆದರೆ ಆ ಪಾತ್ರ ನಾವು ಊಹಿಸಿಕೊಂಡ ದಿಕ್ಕಿಗೆ ವಿರುದ್ಧವಾದದ್ದು. ಈ ಟಿಪ್ಪಣಿ ಆ ದಿಕ್ಕನ್ನು ಕುರಿತದ್ದು.

ದಿಕ್ಕಿನ ಮಾತು ಜಾವಳಿಯವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದಲ್ಲ. ಬಲ್ಲಾಳರಾಯನ ದುರ್ಗದ ಆಸುಪಾಸಿನ ಈ ಊರಿನಲ್ಲಿ ಜಿನುಗಿ ಹುಟ್ಟುವ ಹೇಮಾವತಿ ಗೊರೂರನ್ನು ಹಾದು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಮಳೆಯ ಇನ್ನೊಂದು ಪಾಲು ಚಾರ್ಮಾಡಿಯ ಪಡುವಣ ಇಳಿಜಾರಿಗೆ ಬಿದ್ದರೆ ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಎರಡು ತೊರೆಗಳು ಎಷ್ಟೇ ಹತ್ತಿರ ಹುಟ್ಟಿದರೂ ಒಂದರಲ್ಲಿ ಬಿದ್ದ ಎಲೆ ಇನ್ನೊಂದರಲ್ಲಿ ತೇಲುವುದಿಲ್ಲ. ಕುತ್ತಿಗೆಯ ಆಳದಲ್ಲಿರುವ ದುಗ್ಧಗ್ರಂಥಿಗಳಿಗೆ ನೀರು ಬರುವುದು ತಲೆಯಿಂದ ಕೆಳಕ್ಕೆ. ಕಂಕುಳ ಗ್ರಂಥಿಗಳಿಗೆ ಬರುವುದು ತೋಳು ಮತ್ತು ಎದೆಯಿಂದ. ಎರಡೂ ಕೊನೆಗೆ ಕತ್ತಿನ ಬುಡದ ದೊಡ್ಡ ಸಿರೆಗೆ ಹೋಗಿ ಸುರಿಯುತ್ತವೆ, ಒಂದರಿಂದ ಇನ್ನೊಂದಕ್ಕೆ ಮೇಲಕ್ಕೆ ಹರಿಯುವುದಿಲ್ಲ.

ದುಗ್ಧರಸವೆಂದರೆ ಸೂಕ್ಷ್ಮ ರಕ್ತನಾಳಗಳಿಂದ ಹೊರಗೆ ಬಸಿದು, ಮತ್ತೆ ರಕ್ತಕ್ಕೆ ಹಿಂದಿರುಗದೆ ಊತಕಗಳ ನಡುವೆ ಉಳಿದ ದ್ರವ. ಅದನ್ನು ಸಂಗ್ರಹಿಸಿ ಮರಳಿ ರಕ್ತಕ್ಕೆ ಸೇರಿಸಲು ದೇಹದ ತುಂಬ ತೆಳುಗೋಡೆಯ ನಾಳಗಳಿವೆ. ದಾರಿಯುದ್ದಕ್ಕೂ ನೂರಾರು ಗ್ರಂಥಿಗಳಿದ್ದು, ಹರಿದು ಬಂದದ್ದರಲ್ಲಿ ಏನಿದೆ ಎಂದು ರೋಗರಕ್ಷಣಾ ಕೋಶಗಳು ಪರೀಕ್ಷಿಸುವ ಜಾಗ ಅವು. ದಿನಕ್ಕೆ ಕೆಲವು ಲೀಟರು ದ್ರವ ಹೀಗೆ ರಕ್ತಕ್ಕೆ ಮರಳುತ್ತದೆ. ಈ ನಾಳಗಳು ಕಟ್ಟಿಹೋದರೆ ಏನಾಗುತ್ತದೆಂಬುದನ್ನು ಕನ್ನಡಿಗರು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಘಟ್ಟದ ಕೆಳಗೆ ದಕ್ಷಿಣ ಕನ್ನಡ, ಉಡುಪಿಯಲ್ಲೂ, ಅತ್ತ ಬೀದರ, ಕಲಬುರಗಿಯಲ್ಲೂ ಆನೆಕಾಲು ರೋಗವನ್ನು ತಲೆಮಾರುಗಳಿಂದ ಕಂಡವರು ನಾವು.

ದುಗ್ಧರಸ ವ್ಯವಸ್ಥೆಯ ಅಂಗರಚನೆ ತಿಳಿದದ್ದು 17ನೇ ಶತಮಾನದಲ್ಲಿ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗತಾನೆ ಉಂಡಿದ್ದ ನಾಯಿಯ ಹೊಟ್ಟೆ ಸೀಳಿದಾಗ ಕರುಳಿನ ಪೊರೆಯಲ್ಲಿ ಹಾಲಿನಂತೆ ಬಿಳಿಯಾದ ನಾಳಗಳನ್ನು ಕಂಡ. 1651ರಲ್ಲಿ ಫ್ರಾನ್ಸಿನ ಝಾಂ ಪೆಕೆ, ಅವೆಲ್ಲ ಎದೆಗೂಡಿನ ದೊಡ್ಡ ನಾಳವೊಂದಕ್ಕೆ ಸೇರಿ ಕತ್ತಿನ ಬುಡದಲ್ಲಿ ರಕ್ತದೊಳಗೆ ತೆರೆದುಕೊಳ್ಳುತ್ತವೆಂದು ತೋರಿಸಿದ. ಬೆನ್ನಿಗೇ ಸ್ವೀಡನ್ನಿನ ಓಲೋಫ್ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ಥಾಮಸ್ ಬಾರ್ತೋಲಿನ್ ಈ ವ್ಯವಸ್ಥೆ ಇಡೀ ದೇಹಕ್ಕೆ ಸೇರಿದ್ದೆಂದು ಹೇಳಿದರು. ನಮ್ಮ ಪ್ರಶ್ನೆಗೆ ಇವುಗಳಲ್ಲಿ ಮುಖ್ಯವಾದದ್ದು ಪೆಕೆಯ ಶೋಧ. ಎದೆಗೂಡಿನ ನಾಳ ತೆರೆದುಕೊಳ್ಳುವುದು ಎಡ ಹೆಗಲ ಬುಡದ ಸಿರೆಗಳ ಕೂಡಲಿಯಲ್ಲಿ. ಅಲ್ಲಿಂದ ದುಗ್ಧರಸ ಹೃದಯದ ಬಲಭಾಗಕ್ಕೆ, ಶ್ವಾಸಕೋಶಕ್ಕೆ, ಮತ್ತೆ ಹೃದಯದ ಎಡಭಾಗಕ್ಕೆ ಬಂದು, ಧಮನಿಗಳ ಮೂಲಕ ಎಲ್ಲ ಅಂಗಗಳಿಗೂ ಹಂಚಿಹೋಗುತ್ತದೆ. ಕಂಕುಳ ಗ್ರಂಥಿಯನ್ನು ದಾಟಿದ ಕ್ಯಾನ್ಸರ್ ಕೋಶ ಮಿದುಳನ್ನು ತಲುಪಬೇಕಾದರೆ ಈ ಸುತ್ತು ದಾರಿಯನ್ನೇ ಹಿಡಿಯಬೇಕು. ಕೊನೆಯ ಹಂತದಲ್ಲಿ ಅದು ದುಗ್ಧರಸದಲ್ಲಿರುವುದಿಲ್ಲ, ರಕ್ತದಲ್ಲಿರುತ್ತದೆ. ಎಡ ಕೊರಳೆಲುಬಿನ ಮೇಲ್ಗಡೆ ಗಟ್ಟಿಯಾದ ಗಂಟು ಸಿಕ್ಕಿದರೆ ಹೊಟ್ಟೆಯ ಅಥವಾ ಎದೆಯೊಳಗಿನ ಕ್ಯಾನ್ಸರನ್ನು ಹುಡುಕಬೇಕೆಂದು 19ನೇ ಶತಮಾನದ ಜರ್ಮನ್ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಖೋನ ಹೆಸರಿನಲ್ಲಿ ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಆ ಗ್ರಂಥಿ ಇರುವುದು ಈ ಕೂಡಲಿಯ ಬಳಿಯಲ್ಲಿ. ಮನೆಯವರು ‘ಕುತ್ತಿಗೆಗೆ ಏರಿತು’ ಎನ್ನುವಾಗ ಅವರ ಬೆರಳಿಗೆ ಸಿಕ್ಕಿರುವುದು ಹೆಚ್ಚಾಗಿ ಕೊರಳೆಲುಬಿನ ಮೇಲಿನ ಗ್ರಂಥಿಗಳೇ. ರೋಗ ರಕ್ತದ ಬಾಗಿಲಿಗೆ ಬಂದಿದೆ ಎಂಬುದರ ಗುರುತು ಅದು.

ರಕ್ತದಿಂದ ಮಿದುಳಿನೊಳಗೆ ಹೋಗುವುದು ಸುಲಭವಲ್ಲ. ದೇಹದ ತೂಕದಲ್ಲಿ ಸುಮಾರು 2 ಶೇಕಡದಷ್ಟಿರುವ ಮಿದುಳಿಗೆ ಹೃದಯ ಕಳುಹಿಸುವ ರಕ್ತದ 15ರಿಂದ 20 ಶೇಕಡ ಹೋಗುತ್ತದೆ. ಹಾಗಾಗಿ ಅಲ್ಲಿಗೆ ಬರುವ ಕ್ಯಾನ್ಸರ್ ಕೋಶಗಳು ಕಡಿಮೆಯೇನಿರುವುದಿಲ್ಲ. ಉಳಿಯುವವು ಬಹಳ ಕಡಿಮೆ. ಬೂದು ಮತ್ತು ಬಿಳಿ ಭಾಗಗಳು ಸೇರುವಲ್ಲಿ ರಕ್ತನಾಳಗಳು ಕಿರಿದಾಗುತ್ತವೆ, ಕೋಶಗಳು ಸಿಕ್ಕಿಕೊಳ್ಳುವುದು ಅಲ್ಲಿ. ಹರಡಿದ ಗಡ್ಡೆಗಳಲ್ಲಿ ಸುಮಾರು 80 ಶೇಕಡ ದೊಡ್ಡ ಮಿದುಳಿನಲ್ಲಿ, 15 ಶೇಕಡ ಕಿರುಮಿದುಳಿನಲ್ಲಿ, ಉಳಿದವು ಮಿದುಳ ಕಾಂಡದಲ್ಲಿ ಕಾಣುತ್ತವೆ. ರಕ್ತ ಹಂಚಿಹೋಗುವ ಪ್ರಮಾಣಕ್ಕೆ ಇದು ಹೊಂದುತ್ತದೆ. ರಕ್ತವೇ ದಾರಿ ಎಂಬುದಕ್ಕೆ ಇದೂ ಒಂದು ಸಾಕ್ಷಿ. 2010ರಲ್ಲಿ ಜರ್ಮನಿಯ ಫ್ರಾಂಕ್ ವಿಂಕ್ಲರ್ ಅವರ ತಂಡ ಬದುಕಿರುವ ಇಲಿಯ ಮಿದುಳಿನಲ್ಲಿ ಒಂದೊಂದೇ ಕೋಶವನ್ನು ವಾರಗಟ್ಟಲೆ ಹಿಂಬಾಲಿಸಿ ನೋಡಿತು. ನಾಳ ಕವಲೊಡೆಯುವಲ್ಲಿ ನಿಲ್ಲುವುದು, ಗೋಡೆ ದಾಟುವುದು, ದಾಟಿದ ಮೇಲೂ ನಾಳವನ್ನು ಬಿಡದೆ ಅದಕ್ಕೇ ಅಂಟಿಕೊಂಡು ಬದುಕುವುದು, ಇಷ್ಟರಲ್ಲಿ ಯಾವ ಹಂತ ತಪ್ಪಿದರೂ ಕೋಶ ಸಾಯುತ್ತದೆ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪೇಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ವಿವರಗಳನ್ನು ನೋಡಿ, ಬೀಜ ಎಲ್ಲ ಕಡೆ ಬಿದ್ದರೂ ಮೊಳೆಯುವುದು ಒಗ್ಗುವ ಮಣ್ಣಿನಲ್ಲಿ ಮಾತ್ರ ಎಂದಿದ್ದ. ಆ ಮಾತು ಇಂದಿಗೂ ನಿಂತಿದೆ. ಶ್ವಾಸಕೋಶ, ಸ್ತನ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್, ಮೂತ್ರಪಿಂಡ, ದೊಡ್ಡಕರುಳು ಇವುಗಳ ಕ್ಯಾನ್ಸರುಗಳಿಗೆ ಮಿದುಳು ಒಗ್ಗುತ್ತದೆ, ಪ್ರಾಸ್ಟೇಟಿನದಕ್ಕೆ ಅಪರೂಪ. ನಮ್ಮಲ್ಲಿ ಮೆಲನೋಮ ಕಡಿಮೆ. ಆದ್ದರಿಂದ ಕರ್ನಾಟಕದ ವೈದ್ಯರು ಕಾಣುವುದು ಹೆಚ್ಚಾಗಿ ಶ್ವಾಸಕೋಶ ಮತ್ತು ಸ್ತನದಿಂದ ಬಂದ ಗಡ್ಡೆಗಳನ್ನು.

ಹಾಗಿದ್ದರೆ ದುಗ್ಧಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿದ್ದಕ್ಕೆ ಏನು ಅರ್ಥ? ಈ ಪ್ರಶ್ನೆಯ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಶಸ್ತ್ರವೈದ್ಯಶಾಸ್ತ್ರ ಜಗಳಾಡಿದೆ. ಆ ಜಗಳದ ಬೆಲೆಯನ್ನು ತೆತ್ತವರು ರೋಗಿಗಳು. ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1890ರ ದಶಕದಲ್ಲಿ ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳ ಗ್ರಂಥಿಗಳನ್ನು ಒಟ್ಟಿಗೇ ಕತ್ತರಿಸಿ ತೆಗೆಯುವ ಪದ್ಧತಿ ತಂದ. ಲಂಡನ್ನಿನ ಸ್ಯಾಂಪ್ಸನ್ ಹ್ಯಾಂಡ್ಲಿ ಇನ್ನೂ ಮುಂದೆ ಹೋಗಿ, ಕ್ಯಾನ್ಸರ್ ದುಗ್ಧನಾಳಗಳ ಒಳಗೇ ಬೇರಿಳಿಸಿದಂತೆ ಅಖಂಡವಾಗಿ ಬೆಳೆಯುತ್ತ ದೂರದ ಅಂಗಗಳನ್ನು ಮುಟ್ಟುತ್ತದೆ ಎಂದು 1906ರಲ್ಲಿ ವಾದಿಸಿದ. ಮಲೆನಾಡಿನ ಮನೆಯವರು ಹೇಳುವ ವಿವರಣೆ ಬಲ್ಲವರ ನಂಬಿಕೆಯೂ ಆಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಈ ನಂಬಿಕೆ ಬಿದ್ದದ್ದು ಅಮೆರಿಕದ ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಪರೀಕ್ಷೆಯಿಂದ. 1,665 ಹೆಂಗಸರನ್ನು ಒಳಗೊಂಡ ಆ ಅಧ್ಯಯನದ 25 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಂಕುಳಲ್ಲಿ ಗಂಟು ಕಾಣದಿದ್ದವರಲ್ಲಿ, ಗ್ರಂಥಿಗಳನ್ನು ಮೊದಲೇ ತೆಗೆದವರೂ, ಬೇಕಾದಾಗ ಮಾತ್ರ ತೆಗೆದವರೂ ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಗ್ರಂಥಿ ತೆಗೆದದ್ದು ದೂರ ಹರಡುವುದನ್ನು ತಡೆಯಲಿಲ್ಲ. ಮೆಲನೋಮದಲ್ಲಿ 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೂ ಇದನ್ನೇ ಹೇಳಿತು. ಮೊದಲ ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡವರಲ್ಲಿ ಉಳಿದ ಗ್ರಂಥಿಗಳನ್ನೆಲ್ಲ ತೆಗೆದರೂ ಆ ರೋಗದಿಂದ ಸಾಯುವವರ ಪ್ರಮಾಣ ಇಳಿಯಲಿಲ್ಲ.

ಹಾಗೆಂದು ಗ್ರಂಥಿ ಬರಿಯ ಗುರುತು, ಅದರಿಂದ ಮುಂದಕ್ಕೆ ಏನೂ ಹೋಗುವುದಿಲ್ಲ ಎನ್ನುವುದೂ ಅತಿಯಾಯಿತು. 2018ರಲ್ಲಿ ಬಾಸ್ಟನ್ನಿನ ಮತ್ತು ಆಸ್ಟ್ರಿಯಾದ ಎರಡು ತಂಡಗಳು ಒಂದೇ ಸಮಯಕ್ಕೆ, ಇಲಿಗಳ ದುಗ್ಧಗ್ರಂಥಿಯೊಳಗಿನ ಕ್ಯಾನ್ಸರ್ ಕೋಶಗಳು ಎದೆಗೂಡಿನ ನಾಳದ ತನಕ ಕಾಯದೆ, ಗ್ರಂಥಿಯೊಳಗಿನ ರಕ್ತನಾಳಗಳಿಗೇ ನುಗ್ಗಿ ಶ್ವಾಸಕೋಶ ತಲುಪುವುದನ್ನು ತೋರಿಸಿದವು. 2017ರ ಇನ್ನೊಂದು ಅಧ್ಯಯನ ದೊಡ್ಡಕರುಳಿನ ಕ್ಯಾನ್ಸರಿದ್ದ 17 ರೋಗಿಗಳ ಗಡ್ಡೆಗಳ ವಂಶಾವಳಿಯನ್ನು ಡಿಎನ್‌ಎಯಿಂದ ಬಿಡಿಸಿತು. 65 ಶೇಕಡ ಪ್ರಕರಣಗಳಲ್ಲಿ ಗ್ರಂಥಿಗೆ ಹೋದ ಪೀಳಿಗೆ ಬೇರೆ, ದೂರದ ಅಂಗಕ್ಕೆ ಹೋದ ಪೀಳಿಗೆ ಬೇರೆ. ಉಳಿದ 35 ಶೇಕಡದಲ್ಲಿ ಮಾತ್ರ ಎರಡಕ್ಕೂ ಒಂದೇ ಮೂಲ. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗೆ ಸರಿಯೆನ್ನಿಸುವ ತೀರ್ಮಾನ ಇದು: ಗ್ರಂಥಿಯಿಂದ ರಕ್ತಕ್ಕೆ ದಾರಿ ಇದೆ, ಕೆಲವು ರೋಗಿಗಳಲ್ಲಿ ಕ್ಯಾನ್ಸರ್ ಅದನ್ನು ಬಳಸುತ್ತದೆ, ಹೆಚ್ಚಿನವರಲ್ಲಿ ಅದಕ್ಕೆ ಆ ದಾರಿ ಬೇಕಾಗುವುದೇ ಇಲ್ಲ. 2020ರಲ್ಲಿ ಟೆಕ್ಸಾಸಿನ ಶಾನ್ ಮಾರಿಸನ್ ಅವರ ಪ್ರಯೋಗಾಲಯ ಇದಕ್ಕೆ ಇನ್ನೊಂದು ಎಳೆ ಸೇರಿಸಿತು. ರಕ್ತದಲ್ಲಿ ಮೆಲನೋಮ ಕೋಶಗಳು ಉತ್ಕರ್ಷಣದ ಪೆಟ್ಟಿಗೆ ಬೇಗ ಸಾಯುತ್ತವೆ. ದುಗ್ಧರಸದಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲ ಎಂಬ ಕೊಬ್ಬಿನ ಅಂಶ ಅವುಗಳಿಗೆ ರಕ್ಷೆ ಕೊಡುತ್ತದೆ. ದುಗ್ಧನಾಳದಲ್ಲಿ ಕೆಲಕಾಲ ತಂಗಿ ಬಂದ ಕೋಶ ರಕ್ತದ ಪ್ರಯಾಣವನ್ನು ತಾಳಿಕೊಳ್ಳುವ ಸಾಧ್ಯತೆ ಹೆಚ್ಚು. ಮಿದುಳಿನವರೆಗಿನ ದೂರದ ದಾರಿಗೆ ಇದು ಅನ್ವಯಿಸಿದರೆ ಆಶ್ಚರ್ಯವಿಲ್ಲ.

ಈ ವಾದವಿವಾದ ಕಾಫಿ ತೋಟದ ಬದುಕಿಗೆ ದೂರದ್ದಲ್ಲ. ಕಂಕುಳ ಗ್ರಂಥಿಗಳನ್ನೆಲ್ಲ ತೆಗೆದ ಮೇಲೆ ಕೆಲವರಿಗೆ ಆ ಬದಿಯ ತೋಳು ಊದಿಕೊಂಡು ಭಾರವಾಗುತ್ತದೆ, ಸಣ್ಣ ಗಾಯವೂ ಸೋಂಕಾಗಿ ಕೆರಳುತ್ತದೆ. ಕೊಯ್ಲಿನ ಕಾಲದಲ್ಲಿ ದಿನವಿಡೀ ಕೈಯೆತ್ತಿ ಹಣ್ಣು ಬಿಡಿಸಿ, ತುಂಬಿದ ಚೀಲ ಹೊತ್ತು ಕೂಲಿ ಸಂಪಾದಿಸುವ ಹೆಂಗಸಿಗೆ ಆ ತೋಳೇ ಅನ್ನ. ಗಡ್ಡೆಯ ನೀರು ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನು ಬಣ್ಣದಿಂದ ಗುರುತಿಸಿ ಅವನ್ನು ಮಾತ್ರ ಪರೀಕ್ಷಿಸುವ ಪದ್ಧತಿ 1990ರ ದಶಕದಲ್ಲಿ ಬಂದದ್ದು ಇದೇ ಚರ್ಚೆಯ ಫಲವಾಗಿ. ದೊಡ್ಡ ನಗರದ ಆಸ್ಪತ್ರೆಗಳಲ್ಲಿ ಈಗ ವಾಡಿಕೆಯಾಗಿರುವ ಇದು ಜಿಲ್ಲಾಮಟ್ಟದಲ್ಲೂ ವಾಡಿಕೆಯಾಗಬೇಕು.

ಇನ್ನು ಮಿದುಳಿನ ಸ್ವಂತ ದುಗ್ಧನಾಳಗಳ ಮಾತು. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದಿರುವುದು ಇದೇ ಭಾಗ.

ಇತ್ತೀಚಿನವರೆಗೂ ಪಠ್ಯಪುಸ್ತಕಗಳಲ್ಲಿ ಮಿದುಳಿಗೆ ದುಗ್ಧನಾಳಗಳಿಲ್ಲ ಎಂದೇ ಇತ್ತು. ಆದರೆ 1787ರಷ್ಟು ಹಿಂದೆಯೇ ಇಟಲಿಯ ಸಿಯೆನಾದ ಪಾವ್ಲೊ ಮಸ್ಕಾನಿ, ಪಾದರಸ ತುಂಬಿಸಿ ಬಿಡಿಸಿದ ದುಗ್ಧನಾಳಗಳ ತನ್ನ ದೊಡ್ಡ ಚಿತ್ರಸಂಪುಟದಲ್ಲಿ, ಮಿದುಳ ಪೊರೆಯ ಮೇಲೂ ಇಂಥ ನಾಳಗಳಿವೆ ಎಂದು ಬರೆದಿದ್ದ. ಮುಂದಿನವರು ಅದನ್ನು ನಂಬಲಿಲ್ಲ. 1948ರಲ್ಲಿ ಪೀಟರ್ ಮೆಡಾವರ್ ಮೊಲದ ಮಿದುಳಿಗೆ ಬೇರೊಂದು ಮೊಲದ ಚರ್ಮವನ್ನು ಕಸಿ ಮಾಡಿದಾಗ ದೇಹ ಅದನ್ನು ತಕ್ಷಣ ತಿರಸ್ಕರಿಸಲಿಲ್ಲ. ಇದರಿಂದ, ಮಿದುಳು ರೋಗರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದ ಜಾಗ ಎಂಬ ಭಾವನೆ ಗಟ್ಟಿಯಾಯಿತು. 1980ರ ದಶಕದಲ್ಲಿ ಹೆಲೆನ್ ಸರ್, ಮಿದುಳಿಗೆ ಚುಚ್ಚಿದ ವಸ್ತು ಮೂಗಿನ ಮೇಲಿನ ಜರಡಿಯೆಲುಬಿನ ರಂಧ್ರಗಳ ಮೂಲಕ ಇಳಿದು ಕುತ್ತಿಗೆಯ ಆಳದ ಗ್ರಂಥಿಗಳಲ್ಲಿ ಸಿಗುವುದನ್ನು ತೋರಿಸಿದರು. ಆಗಲೂ ಬಹುಮಂದಿಯ ಅಭಿಪ್ರಾಯ ಬದಲಾಗಲಿಲ್ಲ. ಬದಲಾದದ್ದು 2015ರಲ್ಲಿ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಕಿಪ್ನಿಸ್ ಅವರ ತಂಡದ ಅಂತ್ವಾನ್ ಲೂವೊ, ಹೆಲ್ಸಿಂಕಿಯಲ್ಲಿ ಕಾರಿ ಅಲಿಟಾಲೊ ಅವರ ತಂಡ, ಬೇರೆಬೇರೆಯಾಗಿ, ಇಲಿಯ ಮಿದುಳಿನ ಡ್ಯೂರಾ ಎಂಬ ದಪ್ಪ ಹೊರಪೊರೆಯಲ್ಲಿ, ದೊಡ್ಡ ಸಿರೆಗಳ ಪಕ್ಕದಲ್ಲಿ ಸಾಗುವ ದುಗ್ಧನಾಳಗಳನ್ನು ಕಂಡರು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಡೇನಿಯಲ್ ರೈಕ್ ಅವರ ತಂಡ ಎಂಆರ್‌ಐ ಮೂಲಕ ಬದುಕಿರುವ ಮನುಷ್ಯರಲ್ಲೂ ಅವನ್ನು ತೋರಿಸಿತು. ಕೊರಿಯಾದ ಗೌ ಯಂಗ್ ಕೋ ಅವರ ತಂಡ 2019ರಲ್ಲಿ, ತಲೆಬುರುಡೆಯ ತಳದ ನಾಳಗಳೇ ಮಿದುಳು-ಬೆನ್ನುಹುರಿ ದ್ರವವನ್ನು ಹೆಚ್ಚಾಗಿ ಹೊರಗೊಯ್ಯುತ್ತವೆ, ಅವುಗಳಲ್ಲಿ ಒಮ್ಮುಖ ಕವಾಟಗಳಿವೆ, ಮುಪ್ಪಿನಲ್ಲಿ ಅವು ಕೆಡುತ್ತವೆ ಎಂದು ತೋರಿಸಿತು.

ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು. ಈ ನಾಳಗಳಿರುವುದು ಪೊರೆಯಲ್ಲಿ, ಮಿದುಳಿನ ತಿರುಳಿನೊಳಗಲ್ಲ. ತಿರುಳಿನಲ್ಲಿ ಬೆಳೆಯುವ ಗಡ್ಡೆಯ ಸುತ್ತ ನೀರು ತುಂಬಿ ಊತ ಬರುವುದಕ್ಕೆ, ಆ ನೀರು ಬೇಗ ಹೊರಗೆ ಹೋಗದಿರುವುದಕ್ಕೆ ಇದೂ ಒಂದು ಕಾರಣ. ತಿರುಳಿನ ದ್ರವ ರಕ್ತನಾಳಗಳ ಸುತ್ತಲಿನ ಸಂದುಗಳಲ್ಲಿ ಸಾಗಿ ಪೊರೆಯ ಕಡೆಗೆ ಬರುತ್ತದೆಂದು 2012ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಮತ್ತು ಸಂಗಡಿಗರು ಹೇಳಿದರು. ನಿದ್ದೆಯಲ್ಲಿ ಈ ಹರಿವು ಹೆಚ್ಚುತ್ತದೆ ಎಂಬ ಅವರ ಮುಂದಿನ ಮಾತನ್ನು 2024ರಲ್ಲಿ ಲಂಡನ್ನಿನ ತಂಡವೊಂದು ಇಲಿಗಳಲ್ಲೇ ಅಳೆದು ಪ್ರಶ್ನಿಸಿದೆ. ಆದ್ದರಿಂದ ಆ ಭಾಗವನ್ನು ಇನ್ನೂ ತೀರ್ಮಾನವಾಗಿಲ್ಲ ಎಂದೇ ಓದಬೇಕು. ಎರಡನೆಯದು ದಿಕ್ಕು. ಪೊರೆಯ ನಾಳಗಳ ಹರಿವು ತಲೆಯಿಂದ ಹೊರಕ್ಕೆ, ಕುತ್ತಿಗೆಯ ಆಳದ ಗ್ರಂಥಿಗಳಿಗೆ. ಕುತ್ತಿಗೆಯ ಗಂಟು ಈ ನಾಳಗಳನ್ನು ಹಿಡಿದು ತಲೆಗೇರುವುದಿಲ್ಲ. ತಲೆಯೊಳಗೆ ಏನು ನಡೆಯುತ್ತಿದೆ ಎಂಬ ಸುದ್ದಿ ಮಾತ್ರ ಇವುಗಳಲ್ಲಿ ಕೆಳಗೆ ಇಳಿಯುತ್ತದೆ.

ಆ ಸುದ್ದಿಯೇ ಚಿಕಿತ್ಸೆಗೆ ಬೇಕಾದದ್ದು. ಗಡ್ಡೆಯ ಚೂರುಪಾರುಗಳನ್ನು ಹೊತ್ತ ಡೆಂಡ್ರಿಟಿಕ್ ಕೋಶಗಳೆಂಬ ರಕ್ಷಣಾ ಕೋಶಗಳು ಕುತ್ತಿಗೆಯ ಗ್ರಂಥಿಗೆ ಬಂದು, ರೋಗದ ಮೇಲೆ ದಾಳಿ ಮಾಡುವ ಟಿ ಕೋಶಗಳಿಗೆ ಅವನ್ನು ತೋರಿಸದಿದ್ದರೆ, ಆ ಗಡ್ಡೆಯ ಮೇಲೆ ಏರಿಹೋಗಲು ತರಬೇತಾದ ಟಿ ಕೋಶಗಳೇ ಇರುವುದಿಲ್ಲ. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಅವರ ತಂಡ, ಮಿದುಳಲ್ಲೇ ಹುಟ್ಟುವ ಗ್ಲಯೋಬ್ಲಾಸ್ಟೋಮ ಇದ್ದ ಇಲಿಗಳಿಗೆ ದುಗ್ಧನಾಳ ಬೆಳೆಸುವ ವಿಇಜಿಎಫ್-ಸಿ ಎಂಬ ಪ್ರೋಟೀನನ್ನು ಕೊಟ್ಟಿತು. ಪೊರೆಯ ನಾಳಗಳು ಬೆಳೆದವು, ರೋಗರಕ್ಷಣೆಯ ತಡೆ ತೆಗೆಯುವ ಔಷಧಿ ಜೊತೆಗಿದ್ದಾಗ ಇಲಿಗಳು ಹೆಚ್ಚು ಕಾಲ ಬದುಕಿದವು. ಕುತ್ತಿಗೆಯ ಗ್ರಂಥಿಗೆ ಹೋಗುವ ದಾರಿಯನ್ನು ಕಟ್ಟಿದರೆ ಆ ಲಾಭ ಉಳಿಯಲಿಲ್ಲ. ಅದೇ ವರ್ಷ ಚೀನಾದ ತಂಡವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಕೆಲಸ ಮಾಡಿತು. ಮಿದುಳಿನಲ್ಲಿ ಮೆಲನೋಮ ಬೆಳೆಯುತ್ತಿದ್ದ ಇಲಿಗಳನ್ನೂ ಅದು ಸೇರಿಸಿಕೊಂಡಿತ್ತು. ನೆತ್ತಿಯ ಕಡೆಯ ಪೊರೆಯ ನಾಳಗಳನ್ನಷ್ಟೇ ಕೆಡಿಸಿದರೂ ಗಡ್ಡೆಯ ದ್ರವ ಹೊರಗೆ ಹೋಗುವುದು ತಗ್ಗಿತು, ಡೆಂಡ್ರಿಟಿಕ್ ಕೋಶಗಳ ಸಂಚಾರ ತಗ್ಗಿತು, ಔಷಧಿಯ ಪರಿಣಾಮವೂ ತಗ್ಗಿತು. ನಾಳಗಳು ಬೆಳೆದಿದ್ದ ಕಡೆ ಪರಿಣಾಮ ಹೆಚ್ಚಿತು. ಇದೇ ನಾಳಗಳ ಮೂಲಕ ಒಂದಷ್ಟು ಗಡ್ಡೆ ಕೋಶಗಳೂ ಕುತ್ತಿಗೆಯ ಗ್ರಂಥಿಗೆ ಇಳಿಯುತ್ತವೆ ಎಂಬುದನ್ನು ಅವರೇ ಬರೆದಿದ್ದಾರೆ. ಸುದ್ದಿ ಇಳಿಯುವ ದಾರಿಯಲ್ಲಿ ರೋಗವೂ ಇಳಿಯಬಲ್ಲದು.

ಇಲ್ಲೊಂದು ತೊಡಕಿದೆ, ಜನಪ್ರಿಯ ಬರಹಗಳು ಅದನ್ನು ದಾಟಿಕೊಂಡು ಹೋಗಿಬಿಡುತ್ತವೆ. ವಿಇಜಿಎಫ್-ಸಿ ಮೊದಲು ಹೆಸರಾದದ್ದು ಕ್ಯಾನ್ಸರಿನ ಸಹಾಯಕನಾಗಿ. 2001ರಲ್ಲಿ ಮಿಹಾಯೆಲಾ ಸ್ಕೋಬೆ ಮತ್ತು ಸಂಗಡಿಗರು, ಈ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವ ಸ್ತನ ಕ್ಯಾನ್ಸರ್ ಇಲಿಗಳಲ್ಲಿ ಗ್ರಂಥಿಗಳಿಗೂ ಶ್ವಾಸಕೋಶಕ್ಕೂ ಹೆಚ್ಚು ಹರಡುತ್ತದೆಂದು ತೋರಿಸಿದ್ದರು. ಎದೆಯಲ್ಲಿ ರೋಗಕ್ಕೆ ದಾರಿ ತೆರೆಯುವ ಅದೇ ವಸ್ತು ತಲೆಯಲ್ಲಿ ರಕ್ಷಣೆಗೆ ದಾರಿ ತೆರೆಯುತ್ತದೆ. ಇದರಲ್ಲಿ ವಿರೋಧವಿಲ್ಲ. ಎದೆಯಲ್ಲಿ ದುಗ್ಧನಾಳಗಳು ಮೊದಲೇ ಹೇರಳವಾಗಿವೆ, ಗ್ರಂಥಿಗೆ ಸುದ್ದಿ ಹೇಗೂ ಮುಟ್ಟುತ್ತದೆ, ಹೊಸ ನಾಳ ಬಂದರೆ ಕೋಶಗಳಿಗೆ ಹೊರಟುಹೋಗಲು ಅನುಕೂಲ. ತಲೆಯಲ್ಲಿ ಸುದ್ದಿಯ ದಾರಿಯೇ ಕಿರಿದು, ಹಾಗಾಗಿ ಅದನ್ನು ಅಗಲಿಸಿದರೆ ಲಾಭ ಹೆಚ್ಚು. ಆದರೆ ಮಿದುಳಿಗೆ ಸ್ತನ ಕ್ಯಾನ್ಸರ್ ಹರಡಿದ ಹೆಂಗಸಿನಲ್ಲಿ ಎದೆಯೂ ತಲೆಯೂ ಒಂದೇ ದೇಹದಲ್ಲಿವೆ. ಅವರಿಗೆ ಈ ಪ್ರೋಟೀನನ್ನು ಕೊಡುವ ಯೋಚನೆ ಬಂದರೆ, ಅದು ತಲೆಯನ್ನು ಬಿಟ್ಟು ಬೇರೆಲ್ಲೂ ಹೋಗದಂತೆ ಮಾಡುವುದು ಹೇಗೆಂಬುದೇ ಮೊದಲ ಪ್ರಶ್ನೆಯಾಗಬೇಕು. ಇಲಿಯ ಫಲಿತಾಂಶವನ್ನು ಮದ್ದೆಂದು ಸಾರುವ ಸುದ್ದಿಗಳಿಂದ ರೋಗಿಯ ಮನೆಯವರಿಗೆ ಆಗುವ ನೋವನ್ನು ನೆನೆದು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಮನುಷ್ಯರಲ್ಲಿ ದೃಢಪಟ್ಟಿರುವುದು ಇಷ್ಟು: ತಡೆ ತೆಗೆಯುವ ಔಷಧಿಗಳಿಂದ ಮಿದುಳೊಳಗಿನ ಗಡ್ಡೆಯೂ ಕರಗಬಲ್ಲದು. ಮೆಲನೋಮ ಮಿದುಳಿಗೆ ಹರಡಿದ್ದ, ಆದರೆ ತಲೆಯ ಲಕ್ಷಣಗಳಿರದ 94 ರೋಗಿಗಳಿಗೆ ಎರಡು ಔಷಧಿಗಳನ್ನು ಒಟ್ಟಿಗೆ ಕೊಟ್ಟ ಪರೀಕ್ಷೆಯಲ್ಲಿ 57 ಶೇಕಡ ಜನಕ್ಕೆ ಮಿದುಳಿನ ಗಡ್ಡೆಗಳ ಮಟ್ಟಿಗೆ ಪ್ರಯೋಜನವಾಯಿತೆಂದು 2018ರಲ್ಲಿ ವರದಿಯಾಯಿತು. ಮಿದುಳು ರಕ್ಷಣಾ ಕೋಶಗಳಿಗೆ ಮುಚ್ಚಿದ ಜಾಗವಾಗಿದ್ದರೆ ಇದು ಆಗುತ್ತಿರಲಿಲ್ಲ.

ಕರ್ನಾಟಕಕ್ಕೆ ಬಂದರೆ, ಈ ರೋಗವನ್ನು ಎಣಿಸುವುದರಲ್ಲೇ ಒಂದು ತೊಡಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಿಂದ ನಡೆಯುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ದೇಶದ ಹಳೆಯ ನೋಂದಣಿಗಳಲ್ಲಿ ಒಂದು. ಅದನ್ನು ನೋಡಿಕೊಳ್ಳುವುದು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ. ನೋಂದಣಿಯ ನಿಯಮದಂತೆ ಕ್ಯಾನ್ಸರನ್ನು ಹುಟ್ಟಿದ ಜಾಗದ ಹೆಸರಿನಲ್ಲಿ ಬರೆಯಬೇಕು. ಶ್ವಾಸಕೋಶದಿಂದ ಮಿದುಳಿಗೆ ಬಂದದ್ದು ಶ್ವಾಸಕೋಶದ ಲೆಕ್ಕಕ್ಕೇ ಹೋಗುತ್ತದೆ. ವಿಜ್ಞಾನಕ್ಕೆ ಅದೇ ಸರಿ. ಆದರೆ ತಲೆಗೆ ಹರಡಿದವರು ಎಷ್ಟು, ಅವರಲ್ಲಿ ಮೊದಲು ಗ್ರಂಥಿಯಲ್ಲಿ ಕಾಣಿಸಿದವರು ಎಷ್ಟು ಎಂಬುದನ್ನು ಆ ಪಟ್ಟಿಗಳಿಂದ ಓದಲಾಗುವುದಿಲ್ಲ. ಅದಕ್ಕೆ ಆಸ್ಪತ್ರೆಯ ಕಡತಗಳನ್ನೇ ಬಿಚ್ಚಬೇಕು.

ಮಲೆನಾಡಿನಲ್ಲಿ ಆ ಕಡತ ಆರಂಭವಾಗುವುದೇ ತಡವಾಗಿ. ಕುತ್ತಿಗೆಯಲ್ಲಿ ಗಂಟು ಕಂಡರೆ ಇಲ್ಲಿನ ವೈದ್ಯರು ಮೊದಲು ಕ್ಷಯವನ್ನು ನೆನೆಯುವುದು ಸಹಜ. ಗಂಡಮಾಲೆ ಎಂದು ಹಿರಿಯರು ಕರೆದದ್ದು ಹೆಚ್ಚಾಗಿ ಅದನ್ನೇ. ಉಣ್ಣೆಯ ಕಡಿತದಿಂದ ಬರುವ ಮಂಗನ ಕಾಯಿಲೆಯಲ್ಲೂ ಜ್ವರ, ತಲೆನೋವಿನ ಜೊತೆ ಗ್ರಂಥಿಗಳು ಊದುವುದುಂಟು, ಕೆಲವರಲ್ಲಿ ಎರಡನೇ ಸುತ್ತಿನ ಜ್ವರ ಮಿದುಳಿಗೂ ತಾಗುತ್ತದೆ. ವಯಸ್ಕರಿಗೆ ಮೊದಲ ಸಲ ಮೂರ್ಛೆ ಬಂದು, ಸ್ಕ್ಯಾನಿನಲ್ಲಿ ಉಂಗುರದಂಥ ಗಡ್ಡೆ ಕಂಡರೆ, ಅದು ಕ್ಷಯದ ಗಡ್ಡೆಯಿರಬಹುದು, ಲಾಡಿಹುಳದ ಮರಿಯಿರಬಹುದು, ಕೀವಿರಬಹುದು, ಹರಡಿದ ಕ್ಯಾನ್ಸರೂ ಇರಬಹುದು. ಇವುಗಳನ್ನು ಬೇರೆಮಾಡುವ ಅತಿ ಸುಲಭದ ದಾರಿ ಎಷ್ಟೋ ಸಲ ತಲೆಯಲ್ಲಿರುವುದಿಲ್ಲ, ಕೊರಳೆಲುಬಿನ ಮೇಲಿನ ಗಂಟಿನಲ್ಲಿರುತ್ತದೆ. ಅದಕ್ಕೆ ಸಣ್ಣ ಸೂಜಿ ಹಾಕಿ ಕೋಶಗಳನ್ನು ತೆಗೆದು ನೋಡಿದರೆ ತಲೆಬುರುಡೆ ತೆರೆಯದೆಯೇ ಉತ್ತರ ಸಿಗಬಹುದು. ಶ್ವಾಸಕೋಶದ ಕ್ಯಾನ್ಸರಾದರೆ ಇಜಿಎಫ್‌ಆರ್ ಜೀನಿನ ಬದಲಾವಣೆಯನ್ನೂ ಆ ಊತಕದಲ್ಲೇ ಹುಡುಕಬಹುದು. ಅದು ಸಿಕ್ಕಿದರೆ ಮಿದುಳಿಗೂ ತಲುಪುವ ಮಾತ್ರೆಗಳಿವೆ.

ಆದರೆ ಸೂಜಿ ಹಾಕಿದರೆ ಹರಡುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಬಲವಾಗಿದೆ. ಸೂಜಿ ಪರೀಕ್ಷೆಯಾದ ಕೆಲವು ತಿಂಗಳಿಗೆ ತಲೆಗೆ ಹರಡಿದ್ದನ್ನು ಕಂಡವರು ಎರಡನ್ನೂ ಗಂಟುಹಾಕುತ್ತಾರೆ. ಸೂಜಿಯ ದಾರಿಯಲ್ಲಿ ಕೋಶಗಳು ನೆಲೆನಿಲ್ಲುವುದು ಬಹಳ ಅಪರೂಪ, ನಿಂತರೂ ಅದು ಚುಚ್ಚಿದ ಜಾಗದಲ್ಲಿ. ಸೂಜಿಯಿಂದ ಮಿದುಳಿಗೆ ಹೋಗುವ ನಾಳವಿಲ್ಲ. ಗಂಟಿಗೆ ಬಂದ ರೋಗ ರಕ್ತಕ್ಕೂ ಸೇರಿರುವ ಸಾಧ್ಯತೆ ಮೊದಲೇ ಇತ್ತು, ಸೂಜಿ ಅದನ್ನು ತೋರಿಸಿತು ಅಷ್ಟೆ. ಚಾರ್ಮಾಡಿ ಇಳಿದು ಮಂಗಳೂರಿಗೋ, ಹಾಸನಕ್ಕೋ, ಬೆಂಗಳೂರಿಗೋ ಹೋಗಬೇಕಾದ ಕುಟುಂಬ ಮಳೆಗಾಲ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಕಾಯುವುದರ ಹಿಂದೆ ದುಡ್ಡಿನ ಕಷ್ಟ, ರಸ್ತೆಯ ಕಷ್ಟದ ಜೊತೆಗೆ ಈ ಭಯವೂ ಇರುತ್ತದೆ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ, ಸೂಜಿಯಿಂದ ರೋಗ ಮಿದುಳಿಗೆ ಹರಡುವುದಿಲ್ಲ ಎಂಬ ಈ ಒಂದು ಮಾತಿಗೆ ಜಾಗ ಸಿಗಬೇಕು ಎಂಬುದು ನನ್ನ ಒತ್ತಾಯ.

ಸಂಶೋಧನೆಯ ಮಟ್ಟಿಗೆ, ಈ ಪ್ರಶ್ನೆಯನ್ನು ಮನುಷ್ಯರ ಊತಕದಲ್ಲೇ ಕೇಳುವ ಅನುಕೂಲ ಬೆಂಗಳೂರಿನಲ್ಲಿದೆ. ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರಜ್ಞ ಎಸ್. ಕೆ. ಶಂಕರ್ ಅವರ ಮುತುವರ್ಜಿಯಿಂದ 1995ರಲ್ಲಿ ಆರಂಭವಾದ ಮಾನವ ಮಿದುಳು ಊತಕ ಸಂಗ್ರಹಾಲಯ ಇದಕ್ಕೆ ತಕ್ಕ ನೆಲೆ. ಹರಡಿದ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವಾಗ ಡ್ಯೂರಾವನ್ನು ಹೇಗೂ ತೆರೆಯಬೇಕು. ರೋಗಿಯ ಒಪ್ಪಿಗೆಯಿದ್ದು, ಚಿಕಿತ್ಸೆಗೆ ತೊಂದರೆಯಾಗದಿದ್ದರೆ, ಅದರ ಅಂಚಿನ ತುಣುಕೊಂದನ್ನು ಇಟ್ಟುಕೊಂಡು ದುಗ್ಧನಾಳಗಳನ್ನು ಗುರುತಿಸುವ ಪ್ರಾಕ್ಸ್-1, ಲೈವ್-1, ಪೋಡೋಪ್ಲಾನಿನ್ ಎಂಬ ಪ್ರೋಟೀನುಗಳಿಗೆ ಬಣ್ಣ ಹಚ್ಚಿ ನೋಡಬಹುದು. ಒಂದೇ ಗುರುತನ್ನು ನೆಚ್ಚಿದರೆ ದಾರಿ ತಪ್ಪುತ್ತದೆ. ಲೈವ್-1 ಕೆಲವು ಭಕ್ಷಕ ಕೋಶಗಳಲ್ಲೂ ಇರುತ್ತದೆ, ಪೋಡೋಪ್ಲಾನಿನ್ ಪೊರೆಯ ಬೇರೆ ಕೋಶಗಳಲ್ಲೂ ಇರುತ್ತದೆ. ಕನಿಷ್ಠ ಎರಡು ಗುರುತುಗಳು ಒಂದೇ ನಾಳದಲ್ಲಿ ಕಾಣಬೇಕು.

ಇಲ್ಲಿಯವರೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಎಲೆ, ಅಡಿಕೆ, ಹೊಗೆಸೊಪ್ಪಿನ ನಾಡಾದ ನಮ್ಮಲ್ಲಿ ಬಾಯಿಯ ಕ್ಯಾನ್ಸರ್ ಹೇರಳ. ಅದರ ಚಿಕಿತ್ಸೆಯಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಸಾಲಾಗಿ ತೆಗೆಯುವುದು ನಿತ್ಯದ ಕೆಲಸ, ಬಹಳ ಮಂದಿಗೆ ಅದೇ ಜಾಗಕ್ಕೆ ವಿಕಿರಣವನ್ನೂ ಕೊಡುತ್ತಾರೆ. ಹೀಗೆ ತೆಗೆಯುವ ಗ್ರಂಥಿಗಳಲ್ಲಿ ಮಿದುಳಿನ ಸುದ್ದಿ ಬಂದು ಸೇರುವ ಆಳದ ಗ್ರಂಥಿಗಳೂ ಇರುತ್ತವೆ. ಬಾಯಿಯ ಕ್ಯಾನ್ಸರಿನಿಂದ ಗುಣವಾದ ಹೊಗೆಸೊಪ್ಪಿನ ಬಳಕೆದಾರನಿಗೆ ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂದು ಮಿದುಳಿಗೆ ಹರಡಿದರೆ, ತಡೆ ತೆಗೆಯುವ ಔಷಧಿ ಅವನ ತಲೆಯ ಗಡ್ಡೆಯ ಮೇಲೆ ಇತರರಲ್ಲಿ ಕೆಲಸ ಮಾಡಿದಷ್ಟೇ ಮಾಡುತ್ತದೆಯೇ? ಇಲಿಗಳ ಫಲಿತಾಂಶ ಇಲ್ಲವೆನ್ನುವ ಕಡೆಗೆ ಬೆರಳು ತೋರಿಸುತ್ತದೆ. ಇಂಥ ರೋಗಿಗಳು ಯುರೋಪಿಗಿಂತ ನಮ್ಮ ಆಸ್ಪತ್ರೆಗಳಲ್ಲಿ ಸಿಗುವುದು ಸುಲಭ. ಅದಕ್ಕೆ ಹೊಸ ಯಂತ್ರ ಬೇಡ. ಮಿದುಳಿಗೆ ಹರಡಿದ ಪ್ರತಿಯೊಬ್ಬ ರೋಗಿಯ ಕಡತದಲ್ಲಿ, ಕುತ್ತಿಗೆಯ ಗ್ರಂಥಿಗಳನ್ನು ಹಿಂದೆ ತೆಗೆದಿದ್ದರೆ ಯಾವ ಬದಿಯವು, ಯಾವ ಹಂತದವರೆಗೆ, ವಿಕಿರಣ ಕೊಟ್ಟಿದ್ದರೆ ಎಷ್ಟು, ತಲೆಯ ಊತಕ್ಕೆ ಕೊಟ್ಟ ಡೆಕ್ಸಾಮೆಥಾಸೋನ್ ಎಷ್ಟು ದಿನ ನಡೆಯಿತು ಎಂಬಿಷ್ಟನ್ನು ತಪ್ಪದೆ ಬರೆದಿಟ್ಟರೆ ಕಿದ್ವಾಯಿ, ನಿಮ್ಹಾನ್ಸ್, ಮಣಿಪಾಲಗಳ ದಾಖಲೆಗಳನ್ನು ಒಟ್ಟಿಗಿಟ್ಟು ಉತ್ತರ ಹುಡುಕಲು ಸಾಧ್ಯ. ಡೆಕ್ಸಾಮೆಥಾಸೋನಿನ ಲೆಕ್ಕ ಬಿಟ್ಟರೆ ಅಧ್ಯಯನ ಕೆಡುತ್ತದೆ, ಏಕೆಂದರೆ ಊತವನ್ನು ಇಳಿಸುವ ಆ ಔಷಧಿಯೇ ಟಿ ಕೋಶಗಳನ್ನೂ ತಣ್ಣಗಾಗಿಸುತ್ತದೆ.